ಸಂಜನಾಳ ಎರಡನೆಯ ತೊಟ್ಟಿಲು

ಬಾಲಮ್ಮನ ದನಿ ಸಣ್ಣದಲ್ಲ. ರಬಾಳೆಯ ಡಬ್ಬಿ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷೀನುಗಳು ದಡಬಡ ಬಡಿಯುತ್ತಿರುವಾಗ ಆಚೆ ತುದಿಯಲ್ಲಿರುವವರನ್ನು ಚಹಾಕ್ಕೆ ಕರೆಯಬೇಕೆಂದರೆ ಸೂಪರ್‌ವೈಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದ. "ಬಾಲಮ್ಮಾ, ಜರಾ ಆವಾಜ್ ದೇ" ಎಂದರೆ ಸಾಕು, ಅವಳು ಸೊಂಟಕ್ಕೆ ಕೈ ಕೊಟ್ಟು ಒಂದೇ ಒಂದು ಸಲ ಒದರುತ್ತಿದ್ದಳು, ಇಡೀ ಶೆಡ್ಡು ತಿರುಗಿ ನೋಡುತ್ತಿತ್ತು. ಇಂಡಿ ತಾಲೂಕಿನ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದ ದನಿ ಅದು. ಇಷ್ಟು ವರ್ಷ ಇಲ್ಲಿಯ ಹೊಗೆ ಕುಡಿದರೂ ಒಂದಿಷ್ಟೂ ಕುಂದಿರಲಿಲ್ಲ.

ಅಂಥ ಬಾಲಮ್ಮ ಆ ದಿನ ಠಾಣೆಯ ಆಸ್ಪತ್ರೆಯೊಂದರಲ್ಲಿ ಸಣ್ಣ ಖೋಲಿಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು. ಕೆಮ್ಮು ಬಂದರೆ ನುಂಗುತ್ತಿದ್ದಳು. ಒಳಗೆ ಅವಳ ತಮ್ಮ ಸುನಿಲ, ಅವನ ಹೆಂಡತಿ ಅನಸೂಯಾ, ಅನಸೂಯಾಳ ತೊಡೆಯ ಮೇಲೆ ಮೂರು ದಾಟಿದ ಮಗಳು ಸಂಜನಾ. ಏನೂ ಕೇಳಿಸದ ಆ ಕೂಸಿಗೆ ಹಿಂದಿನ ತಿಂಗಳು ತಲೆಯೊಳಗೆ ಆಪರೇಷನ್ ಮಾಡಿ ಏನೋ ಇಟ್ಟಿದ್ದರು. ಇವತ್ತು ಅದನ್ನು ಚಾಲೂ ಮಾಡುವ ದಿನ. ಬಾಲಮ್ಮನನ್ನು ಯಾರೂ ಕರೆದಿರಲಿಲ್ಲ. ತಮ್ಮನ ಬಾಯಿಂದ ದಿನ ತಿಳಿದುಕೊಂಡು, ಅರ್ಧ ದಿನದ ರಜೆ ಹಾಕಿ, ತಾನಾಗಿಯೇ ಬಂದಿದ್ದಳು.

ಕರೆಯದಿದ್ದದ್ದಕ್ಕೆ ಕಾರಣ ಇತ್ತು. ಬಿಜಾಪುರ, ಕಲಬುರಗಿ ಕಡೆಯ ತೊಟ್ಟಿಲ ಕಾರ್ಯ ನೋಡಿದವರಿಗೆ ಇದು ಗೊತ್ತು: ಕೂಸಿಗೆ ಹೆಸರಿಡುವವಳು ಅದರ ಸೋದರತ್ತೆ, ಅಪ್ಪನ ಅಕ್ಕನೋ ತಂಗಿಯೋ. ಅವಳು ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿಟ್ಟು "ಕುರ್ರ್" ಎಂದು, ಹೆಸರು ಕೂಗಬೇಕು. ಹಿಂದೆ ಕಾದು ನಿಂತ ಹೆಂಗಸರು ಆಗ ಅವಳ ಬೆನ್ನಿಗೆ ದಬದಬ ಗುದ್ದಬೇಕು. ಯಾಕೆ ಗುದ್ದುತ್ತಾರೆ ಎಂದು ಕೇಳಬೇಡಿ, ಕೇಳಿದವರಿಗೂ ಎರಡು ಬೀಳುತ್ತವೆ. ಆದರೆ ಕಿವಿಯೊಳಗೆ ಇಳಿದ ಹೆಸರೇ ಹೆಸರು. ಮುನಸಿಪಾಲಿಟಿಯ ಕಾಗದದಲ್ಲಿ ಏನು ಬರೆದರೂ ಹೆಂಗಸರ ಲೆಕ್ಕದಲ್ಲಿ ಅದು ಬರೀ ಕಾಗದ.

ಸಂಜನಾಳ ತೊಟ್ಟಿಲಿನ ದಿನ ಬಾಲಮ್ಮ ತನ್ನ ದನಿಯನ್ನು ಒಂದಿಷ್ಟೂ ಉಳಿಸಿಕೊಳ್ಳಲಿಲ್ಲ. ತಮ್ಮನಿಗೆ ಲಗ್ನವಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು! "ಕುರ್ರ್... ಸಂಜನಾ!" ಎಂದು ಅವಳು ಕೂಗಿದ ಕೂಗಿಗೆ ಡೊಂಬಿವಲಿಯಲ್ಲಿ ತಮ್ಮನಿದ್ದ ಚಾಳಿನ ಮೂಲೆಯ ಖೋಲಿಯವರೂ ಹೊರಗೆ ಬಂದು ಇಣುಕಿದರು. ಕೂಸು ಬೆಚ್ಚಿಬಿದ್ದು ಕಿಟಾರನೆ ಅತ್ತಿತು. ಎಲ್ಲರೂ ನಕ್ಕರು, ಗುದ್ದಿದರು, ಗುಗ್ಗರಿ ಹಂಚಿದರು.

ಮುಂದಿನ ದೀಪಾವಳಿಗೆ ಚಾಳಿನ ಅಂಗಳದಲ್ಲಿ ಪಟಾಕಿ ಸರ ಹಚ್ಚಿದರು. ಕಾಗೆಗಳೆಲ್ಲ ಎದ್ದು ಹಾರಿದವು. ಹೊಸ್ತಿಲಲ್ಲಿ ಮಲಗಿದ್ದ ಸಂಜನಾ ಕಣ್ಣು ಕೂಡ ಬಿಡಲಿಲ್ಲ. ಅನಸೂಯಾ ಅವಳ ತಲೆಯ ಬಳಿ ತಾಟು ಬಡಿದಳು, ತಂಬಿಗೆ ಬಡಿದಳು, ಕಡೆಗೆ ತನ್ನ ಎದೆಯನ್ನೇ ಬಡಿದುಕೊಂಡಳು. ಪಕ್ಕದ ಖೋಲಿಯ ಮರಗಮ್ಮ, ಯಾರೂ ಕೇಳದೆ ಅಭಿಪ್ರಾಯ ಕೊಡುವ ಮುದುಕಿ, ಬಾಗಿಲಿಗೆ ಒರಗಿ ಹೇಳಿದಳು: "ಹೆಸರಿಡೂ ದಿವ್ಸ ಅತ್ತಿ ಒದರಿದ್ದು ನೋಡೀರಿಲ್ಲ? ಎಳೀ ಕಿವಿ. ಒಳಗಿನ ಪರದೆ ಹರದಿರಬೇಕು, ಬ್ಯಾರೆ ಏನದ?"

ಆ ಮಾತು ಅನಸೂಯಾಳ ಹೊಟ್ಟೆಯಲ್ಲಿ ಹೋಗಿ ಕೂತುಬಿಟ್ಟಿತು. ಬಾಲಮ್ಮ ಮುಂದಿನ ಸಲ ಬಂದಾಗ ಅವಳು ಕೂಸನ್ನು ಎತ್ತಿಕೊಂಡು ಹಿಂದೆ ಸರಿದಳು. "ಅಕ್ಕಾ, ಬರೂದು ಬಾ, ಉಣ್ಣು, ಹೋಗು. ಆದ್ರ ನನ್ನ ಕೂಸಿನ ಹಂತ್ಯಾಕ ಬಾಯಿ ತೆರೀಬ್ಯಾಡ."

ಬಾಲಮ್ಮ ಜಗಳವಾಡಬಹುದಿತ್ತು. ಫ್ಯಾಕ್ಟರಿಯಲ್ಲಿ ಅವಳ ಜೊತೆ ಜಗಳಕ್ಕೆ ನಿಲ್ಲುವ ಗಂಡಸು ಹುಟ್ಟಿರಲಿಲ್ಲ. ಆದರೆ ಮರಗಮ್ಮನ ಮಾತನ್ನು ಅವಳೂ ನಂಬಿಬಿಟ್ಟಿದ್ದಳು. ಅವತ್ತು ಕೂಸು ಅತ್ತಿತ್ತಲ್ಲ? ಅಂದರೆ ಅವತ್ತು ಕೇಳಿಸಿದೆ. ಆಮೇಲೆ ಕೇಳಿಸಿಲ್ಲ. ಅಂದರೆ ಈ ಲೋಕದಲ್ಲಿ ಆ ಕೂಸು ಕೇಳಿದ ಕೊನೆಯ ಸಪ್ಪಳ ತನ್ನದೇ. ಹೀಗೆ ಲೆಕ್ಕ ಹಾಕಿ ಹಾಕಿ ಅವಳ ಎದೆ ಹಿಂಡಿಹೋಗುತ್ತಿತ್ತು. ಅಂದಿನಿಂದ ತಮ್ಮನ ಮನೆಯಲ್ಲಿ ಅವಳು ಮೂಕಿ. ಬಳೆ ತರುತ್ತಿದ್ದಳು, ಪೇರಲಹಣ್ಣು ಹೆಚ್ಚಿ ತಿನ್ನಿಸುತ್ತಿದ್ದಳು, ಕೂಸು ಮೂಗು ಹಿಡಿದು ಜಗ್ಗಿದರೆ ತುಟಿ ಬಿಗಿಹಿಡಿದು ನಗುತ್ತಿದ್ದಳು. ಸಂಜನಾಳ ಪಾಲಿಗೆ ಅಪ್ಪ, ಅವ್ವ, ಮರಗಮ್ಮ ಎಲ್ಲರ ಬಾಯಿಯೂ ಅಲುಗಾಡುತ್ತಿತ್ತು. ಅತ್ತೆಯ ಬಾಯಿ ಮಾತ್ರ ಅಲುಗಾಡುತ್ತಿರಲಿಲ್ಲ.

ಈಗ ಆಸ್ಪತ್ರೆಯ ಆ ಸಣ್ಣ ಖೋಲಿಯಲ್ಲಿ ದಿಶಾ ಎಂಬ ಹುಡುಗಿ ಡಬ್ಬಿಯೊಂದನ್ನು ತೆರೆದಳು. ಕಿವಿ ಪರೀಕ್ಷೆ ಮಾಡಿ ಮಷೀನು ಹೊಂದಿಸುವುದು ಅವಳ ಕೆಲಸ. ಅಪ್ಪನದು ಸ್ಟೇಷನ್ ಬಳಿ ಉಡುಪಿ ಹೋಟೆಲು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ ಆಡಿ ಬೆಳೆದವಳಿಗೆ ಕನ್ನಡ ಅಂದರೆ ರಜೆಯಲ್ಲಿ ಅಜ್ಜಿಮನೆಗೆ ಹೋದಾಗ ಕಲಿತದ್ದಷ್ಟೇ. "ಕಚ್ಚಾ ಕನ್ನಡ, ಹಾಂ? ನಗ್ಬೇಡಿ ಮತ್ತೆ" ಎಂದು ಮೊದಲೇ ಹೇಳಿಬಿಟ್ಟಿದ್ದಳು.

ಡಬ್ಬಿಯಿಂದ ಬಂದದ್ದು ಅವರೆಬೀಜದಷ್ಟೇ ದಪ್ಪನೆಯ, ಕಿವಿಯ ಹಿಂದೆ ಸಿಕ್ಕಿಸುವ ಒಂದು ವಸ್ತು, ಅದರಿಂದ ಹೊರಟ ಸಣ್ಣ ವೈರು, ವೈರಿನ ತುದಿಗೆ ಗುಂಡನೆಯ ಬಿಲ್ಲೆ. ದಿಶಾ ಆ ಬಿಲ್ಲೆಯನ್ನು ಕೂಸಿನ ಕೂದಲ ಹತ್ತಿರ ಒಯ್ದದ್ದೇ ತಡ, ಅದು ಟಪ್ಪೆಂದು ಹೋಗಿ ತಲೆಗೆ ಅಂಟಿಕೊಂಡಿತು. ಗೋಂದಿಲ್ಲ, ಪಿನ್ನಿಲ್ಲ, ದಾರವಿಲ್ಲ. ಬಾಗಿಲಲ್ಲಿದ್ದ ಬಾಲಮ್ಮ ಸೆರಗಿನೊಳಗೇ "ಯವ್ವಾ!" ಎಂದಳು.

"ಒಳಗೂ ಒಂದು ಮ್ಯಾಗ್ನೆಟ್ ಉಂಟು, ಚರ್ಮದ ಕೆಳಗೆ" ಎಂದಳು ದಿಶಾ. "ತೂತು ಗೀತು ಏನೂ ಇಲ್ಲ. ಹೊರಗಿನದ್ದು ಹೇಳ್ತದೆ, ಒಳಗಿನದ್ದು ಕೇಳ್ತದೆ. ಬೀಚ್ ಮೇ, ನಡುವಲ್ಲಿ, ಚರ್ಮ, ಬಸ್."

ಗೋಡೆಯ ಆಚೆಯೊಬ್ಬ ಈಚೆಯೊಬ್ಬ ನಿಂತು ಮಾತಾಡಿದ ಹಾಗೆ ಎಂದುಕೊಂಡಳು ಬಾಲಮ್ಮ. ಆದರೆ ಇಲ್ಲಿ ಗೋಡೆ ಎಂದರೆ ತನ್ನ ತಮ್ಮನ ಮಗಳ ಮೆತ್ತನೆಯ ತಲೆ! ಇದನ್ನು ಯಾರು ಯೋಚಿಸಿದರಪ್ಪ, ಯಾವ ತಾಯಿ ಹೆತ್ತ ಮಗ ಮೊದಲ ಸಲ ಇದಕ್ಕೆ ಧೈರ್ಯ ಮಾಡಿದ? ಅವಳಿಗೆ ಮೈ ಜುಮ್ಮೆಂದಿತು.

ದಿಶಾ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ನಿಂತ ಗೆರೆಗಳನ್ನು ಒಂದೊಂದಾಗಿ ಮೇಲೆ ಎಳೆದಳು. ಸಂಜನಾ ಪ್ಲಾಸ್ಟಿಕ್ ಆನೆಯ ಸೊಂಡಿಲು ಕಚ್ಚುತ್ತಿದ್ದಳು. ಒಂದು ಗೆರೆ, ಏನೂ ಇಲ್ಲ. ಇನ್ನೊಂದು, ಏನೂ ಇಲ್ಲ. ಅನಸೂಯಾ ಕಣ್ಣು ಮುಚ್ಚಿಕೊಂಡು ತುಟಿ ಅಲುಗಾಡಿಸತೊಡಗಿದಳು. ಮತ್ತೊಂದು ಗೆರೆ ಮೇಲೆ ಹೋಯಿತು, ಕೂಸಿನ ಬಾಯಿ ಆನೆಯ ಮೇಲೆ ನಿಂತುಬಿಟ್ಟಿತು.

ಅವಳು ಚಾವಣಿ ನೋಡಿದಳು. ಫ್ಯಾನ್ ನೋಡಿದಳು. ಅವ್ವನ ಮುಖ ನೋಡಿದಳು. ಆಮೇಲೆ, ತಡೆಯಲಾರದೆ, ಗಂಟಲು ಹರಿಯುವಂತೆ ಅಳತೊಡಗಿದಳು. ಅಳು ಶುರುವಾದದ್ದೇ, ಥಟ್ಟನೆ ನಿಲ್ಲಿಸಿದಳು. ಕಣ್ಣು ಇಷ್ಟಗಲ. ಮತ್ತೆ ಸಣ್ಣಗೆ "ಆ" ಎಂದಳು, ನಿಲ್ಲಿಸಿದಳು. "ಆ." ನಿಲ್ಲಿಸಿದಳು. ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆ ಸಪ್ಪಳ ತನ್ನೊಳಗಿಂದಲೇ ಬರುತ್ತಿದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು, ಮತ್ತು ಅದನ್ನು ಇಡೀ ಖೋಲಿ ಕಣ್ಣಾರೆ ನೋಡುತ್ತಿತ್ತು. ಸುನಿಲ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ದಿನಾ ಇದನ್ನೇ ಮಾಡುವ ದಿಶಾಳ ಕಣ್ಣೂ ತುಂಬಿತ್ತು.

"ಸಂಜೂ" ಎಂದಳು ಅನಸೂಯಾ. "ಸಂಜೂ, ಯವ್ವಾ, ಇಲ್ಲಿ ನೋಡ."

ಕೂಸು ನೋಡಲಿಲ್ಲ.

"ಇವತ್ತೇ ಬೇಡಿ ಮಾರಾಯ್ರೆ" ಎಂದಳು ದಿಶಾ. "ಅವಳಿಗೆ ಅದು ನಾಮ್ ಅಂತ ಎಲ್ಲಿ ಗೊತ್ತುಂಟು? ಕಿವಿಯ ಲೆಕ್ಕದಲ್ಲಿ ಅವಳು ಇವತ್ತು ಹುಟ್ಟಿದ ಮಗು. ಆಜ್ ಪೈದಾ ಹುಯೀ. ಎಲ್ಲರೂ ಮಾತಾಡ್ಬೇಕು ಅವಳ ಹತ್ರ." ಅವಳು ಬಾಗಿಲ ಕಡೆ ನೋಡಿದಳು. "ಆ ಆಂಟಿ ಯಾರು? ಎಂತಕ್ಕೆ ಬಾಗಿಲಲ್ಲೇ ನಿಂತದ್ದು? ಬನ್ನಿ, ನೀವೂ ಒಂದು ಮಾತಾಡಿ."

"ಆಕಿ ಬ್ಯಾಡ್ರಿ" ಎಂದಳು ಅನಸೂಯಾ.

ಕಾರಣ ಹೇಳಬೇಕಾಯಿತು. ಸುನಿಲ ನೆಲ ನೋಡುತ್ತ ತೊಟ್ಟಿಲಿನ ಕತೆ ಹೇಳಿದ. ದಿಶಾ ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. ಕಪಾಟಿನಿಂದ ಪ್ಲಾಸ್ಟಿಕ್ಕಿನ ದೊಡ್ಡ ಕಿವಿಯೊಂದನ್ನು ತಂದು ಬಾಲಮ್ಮನ ಮುಂದೆ ಬಿಚ್ಚಿದಳು. ಒಳಗೆ ಬಸವನಹುಳುವಿನ ಚಿಪ್ಪಿನಂಥದ್ದು ಸುತ್ತಿಕೊಂಡಿತ್ತು. "ಇದ್ರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರ್ತದೆ ಆಂಟಿ. ಇವಳಿಗೆ ಹೊಟ್ಟೆಯಲ್ಲೇ ಅದು ಸರಿ ಆಗ್ಲಿಲ್ಲ. ನೀವು ಹರಿದದ್ದು ಏನೂ ಇಲ್ಲ. ಹುಟ್ಟುವಾಗ್ಲೇ ಹೀಗೆ."

"ನಾ ಒದರಿದಾಗ ಅತ್ಳಲ್ರೀ ಮೇಡಂ!" ಬಾಲಮ್ಮ ಸೆರಗು ಬಾಯಿಂದ ತೆಗೆಯದೆಯೇ ಕೇಳಿದಳು. "ಕಿಟಾರ್ ಅಂತ ಅತ್ಳು. ಕೇಳದಿದ್ರ ಯಾಕ ಅಳ್ತಾಳ?"

"ನಿಮ್ಮ ಉಸಿರು ತಾಗಿರ್ಬೇಕು. ಕಿವಿಗೆ ಬಿಸಿ ಗಾಳಿ ಹೊಡೆದ್ರೆ ಯಾವ ಮಗು ಅಳೂದಿಲ್ಲ? ಆವಾಜ್ ಒಳಗೆ ಹೋಗ್ಲೇ ಇಲ್ಲ ಆಂಟಿ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಇವತ್ತೇ ಫಸ್ಟ್."

ಬಾಲಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಎದ್ದು ಹೋಗುವಾಗ ಅನಸೂಯಾ ಅವಳನ್ನು ದಾಟಿಕೊಂಡೇ ಹೋದಳು. ದಿಶಾ ಹೇಳಿದ್ದು ಕಿವಿಗೆ ಕೇಳಿಸಿದರೂ ಮೂರು ವರ್ಷದ ಸಿಟ್ಟು ಅಷ್ಟು ಬೇಗ ಜಾಗ ಖಾಲಿ ಮಾಡುತ್ತದೆಯೇ? ಠಾಣೆ ಸ್ಟೇಷನ್ನಿನಲ್ಲಿ ಅವರು ಡೊಂಬಿವಲಿಯ ಪ್ಲಾಟ್‌ಫಾರಂ ಕಡೆ ಹೋದರು, ಬಾಲಮ್ಮ ರಬಾಳೆಯ ಗಾಡಿ ಹಿಡಿದಳು. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಎದುರಿನ ಕಾಲೇಜು ಹುಡುಗಿ ನೀರಿನ ಬಾಟಲಿ ಕೊಟ್ಟಳು. ಕೂಸಿನ ಕಿವಿ ತಾನು ಕೆಡಿಸಿಲ್ಲ, ಅಯ್ಯ ಶಿವನೇ, ಕೆಡಿಸಿಲ್ಲ! ಆದರೆ ಐರೋಲಿ ದಾಟುವಷ್ಟರಲ್ಲಿ ಇನ್ನೊಂದು ಸಂಕಟ ಎದ್ದಿತು. ಅವತ್ತು ಅಷ್ಟು ಪ್ರೀತಿಯಿಂದ ಕೂಗಿದ ಹೆಸರು ಒಳಗೆ ಹೋಗಲೇ ಇಲ್ಲವೆಂದರೆ ಎಲ್ಲಿ ಹೋಯಿತು? ಕೂಸನ್ನು ಹೆಸರು ಹಿಡಿದು ಕರೆಯಬೇಕು, ಅದು ತಿರುಗಿ ತನ್ನನ್ನು ನೋಡಬೇಕು. ಅವಳಿಗೆ ಬೇಕಾದದ್ದು ಇಷ್ಟೇ, ಆದರೆ ಅನಸೂಯಾ ಬಾಯಿ ತೆರೆಯಬಹುದು ಎಂದು ಹೇಳಿರಲಿಲ್ಲವಲ್ಲ.

ಮುಂದಿನ ದಿನಗಳಲ್ಲಿ ಸುನಿಲನ ಫೋನೇ ಅವಳಿಗೆ ಕಿಟಕಿ. ಊಟದ ಸುಟ್ಟಿಯಲ್ಲಿ ಡಬ್ಬಿ ಬಿಚ್ಚುವ ಮೊದಲು ಫೋನು ಬಿಚ್ಚುತ್ತಿದ್ದಳು. ವಿಡಿಯೋ ಬಂದಿರುತ್ತಿತ್ತು. ಕುಕ್ಕರ್ ಸೀಟಿ ಹೊಡೆದರೆ ಸಂಜನಾ ಓಡಿ ಹೋಗಿ ಅವ್ವನ ಹಿಂದೆ ಅಡಗುವುದು. ಅನಸೂಯಾ ರೊಟ್ಟಿ ಬಡಿಯುವಾಗ ಕೂಸು ಎದುರು ಕೂತು, ಬಡಿತ ನಿಂತರೆ ಅವ್ವನ ಕೈ ಹಿಡಿದು ಮತ್ತೆ ಬಡಿಸುವುದು. ಕಬ್ಬಿಣದ ತಿಜೋರಿಗೆ ಒರಗಿ ಆಡುತ್ತಿದ್ದಾಗ ತಲೆಯ ಬಿಲ್ಲೆ ಹೋಗಿ ತಿಜೋರಿಗೆ ಅಂಟಿಕೊಂಡು, ಲೋಕವೆಲ್ಲ ಒಮ್ಮೆಗೇ ಸುಮ್ಮನಾಗಿ, ಅವಳು ತಬ್ಬಿಬ್ಬಾದದ್ದು. ಲೋಕಲ್ಲಿನಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳಿದರೆ ಹೇಳುವ ಹೆಂಗಸು ಎಲ್ಲಿ ಕೂತಿದ್ದಾಳೆ ಎಂದು ಸೀಟಿನ ಕೆಳಗೆಲ್ಲ ಹುಡುಕಿದ್ದು.

"ಅಕ್ಕಾ, ರಾತ್ರಿ ಕಿವಿ ಚಾರ್ಜಿಗಿ ಹಾಕ್ತೀವಿ" ಎನ್ನುತ್ತಿದ್ದ ಸುನಿಲ. "ನನ್ನ ಫೋನ್‌ನಾಗ ತೋರಸ್ತದ, ಕಿವಿ ಎಷ್ಟು ಪರ್ಸೆಂಟ್ ಉಳದದ ಅಂತ."

"ಹೌದೇನೋ? ನಂದೆಷ್ಟು ಪರ್ಸೆಂಟ್ ಅದ ನೋಡು."

"ನಿನ್ನ ಕಿವಿ ಗೊತ್ತಿಲ್ಲ ನೋಡ, ಬಾಯಿ ಅಂತೂ ಫುಲ್ ಚಾರ್ಜ್ ಅದ."

ಮಳೆಗಾಲದ ಮೊದಲ ಮಳೆ ಪತರಾಸಿನ ತಗಡು ಮಾಡಿನ ಮೇಲೆ ಬಿದ್ದ ದಿನದ ವಿಡಿಯೋವನ್ನು ಬಾಲಮ್ಮ ಇಡೀ ಫ್ಯಾಕ್ಟರಿಗೆ ತೋರಿಸಿದಳು. ಕೂಸು ಮೇಲೆ ನೋಡುತ್ತ, ಯಾರೋ ಬಡಿಯುತ್ತಿದ್ದಾರೆಂದು ಬೆರಳು ಮಾಡಿ ತೋರಿಸಿ, ಹೊರಗೆ ಓಡಿತು. ನೆನೆದರೆ ಮಷೀನು ಕೆಡುತ್ತದೆಂದು ಅನಸೂಯಾ ಅದನ್ನು ಬಿಚ್ಚಿ ಇಟ್ಟುಕೊಂಡಳು. ಸಂಜನಾ ಸುರಿಯುವ ಮಳೆಯನ್ನು ನೋಡಿದಳು, ಏನೋ ಕಡಿಮೆಯಾಗಿದೆ ಎಂಬಂತೆ ನಿಂತಳು. ಆಮೇಲೆ ಒಳಗೆ ಬಂದು ಅವ್ವನ ಮುಷ್ಟಿ ಬಿಡಿಸಿ, ಮಷೀನು ತೆಗೆದು, ಅದನ್ನು ತನ್ನ ತಲೆಗೆ ತಾನೇ ಒತ್ತಿಕೊಂಡಳು. ಪ್ರೆಸ್ ಮಷೀನು ನಡೆಸುವ ಬಿಹಾರದ ಮುದುಕ ಆ ವಿಡಿಯೋ ನೋಡಿ ಟೋಪಿ ತೆಗೆದ.

ದಿಶಾ ಒಂದು ಆಟ ಕಲಿಸಿದ್ದಳು. ತನ್ನ ಬಾಯಿ ಕಾಣದಂತೆ ಕೈ ಅಡ್ಡ ಹಿಡಿದು "ಆ" ಎನ್ನುತ್ತಿದ್ದಳು, "ಊ" ಎನ್ನುತ್ತಿದ್ದಳು. ಕೇಳಿಸಿದರೆ ಕೂಸು ಕೈಯಲ್ಲಿದ್ದ ಮಣಿಯನ್ನು ಬಟ್ಟಲಿಗೆ ಹಾಕಬೇಕು. ಸಂಜನಾ ಇದರಲ್ಲಿ ಹುಷಾರಾದಳು. ಚಾಳಿನ ಹೆಂಗಸರೆಲ್ಲ ಸರದಿ ನಿಂತು ಆಡಿಸಿದರು. ಎಲ್ಲ ಸಪ್ಪಳಕ್ಕೂ ಮಣಿ ಬೀಳುತ್ತಿತ್ತು. ಹೆಸರಿಗೆ ಮಾತ್ರ ಕೂಸು ತಿರುಗುತ್ತಿರಲಿಲ್ಲ. ಕುಕ್ಕರಿನ ಸೀಟಿ, ಮಳೆ, "ಸಂಜನಾ", ಎಲ್ಲ ಅವಳಿಗೆ ಒಂದೇ. ಟೈಮ್ ಬೇಕು, ಕರೀತಾ ಇರಿ ಎಂದು ದಿಶಾ ಹೇಳಿ ಸಾಕಾಗಿದ್ದಳು. ಕರೆದು ಕರೆದು ಅನಸೂಯಾ ಸೋತಿದ್ದಳು.

ಒಂದು ಸಂಜೆ ಸುನಿಲನ ನಂಬರಿನಿಂದ ಫೋನ್ ಬಂತು. ಬಾಲಮ್ಮ "ಹ್ಞೂಂ ತಮ್ಮಾ" ಎಂದರೆ ಆಚೆಯಿಂದ ಅನಸೂಯಾಳ ದನಿ.

"ಅಕ್ಕಾ, ರವಿವಾರ ಬಾ. ಕೂಸಿಗಿ ತೊಟ್ಟಿಲಾ ಹಾಕೂದದ."

ಬಾಲಮ್ಮನಿಗೆ ಅರ್ಥವಾಗಲಿಲ್ಲ. "ಯಾರ ಕೂಸಿಗೆ?"

"ನನ್ನ ಕೂಸಿಗೆ. ಇನ್ಯಾರ್ದು?" ಅನಸೂಯಾ ಜಗಳಕ್ಕೆ ಬಂದವಳ ಹಾಗೇ ಮಾತಾಡಿದಳು. "ಆ ದವಾಖಾನಿ ಹುಡುಗಿ ಹೇಳಲಿಲ್ಲ, ಇವತ್ತ ಹುಟ್ಯಾಳ ಅಂತ? ಹುಟ್ಟಿದ ಕೂಸಿಗಿ ಹೆಸರು ಇಡಬೇಕೋ ಬ್ಯಾಡೋ? ಆಗ ಇಟ್ಟಿದ್ದು ಒಳಗ ಇಳದೇ ಇಲ್ಲ. ಹೆಸರೇ ಇಲ್ಲದ ಕೂಸು ಯಾವ ಹೆಸರಿಗಿ ಹೊಳ್ಳಿ ನೋಡ್ತದ?"

"ನಾ... ನಾ ಕರೀಲ್ಯಾ?"

"ಮತ್ತ? ಬ್ಯಾರೆ ಸ್ವಾದರತ್ತಿನ್ನ ಎಲ್ಲಿಂದ ತರ್ಲಿ?" ಎಂದು ಫೋನ್ ಇಟ್ಟಳು. ತಪ್ಪಾಯಿತು ಎಂದು ಅವಳೂ ಹೇಳಲಿಲ್ಲ, ಬಾಲಮ್ಮನೂ ನಿರೀಕ್ಷಿಸಿರಲಿಲ್ಲ. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಗಲ್ಲಿಯ ನಲ್ಲಿಯ ಹತ್ತಿರ ತುಂಬಾ ಹೊತ್ತು ನಿಂತಿದ್ದಳು.

ರವಿವಾರ ಚಾಳಿನ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಲೆಗೆ ಸೀರೆ ಕಟ್ಟಿ ಜೋಳಿಗೆ ಇಳಿಬಿಟ್ಟಿದ್ದರು. ಮೂರು ದಾಟಿದ ಹುಡುಗಿ, ಹೊಸ ಫ್ರಾಕು, ಎರಡು ಜಡೆ, ಕಾಲು ಹೊರಗೆ ನೇತಾಡಿಸಿಕೊಂಡು ಮಹಾರಾಣಿಯ ಗತ್ತಿನಲ್ಲಿ ಅದರಲ್ಲಿ ಕೂತಿದ್ದಳು. ಮಡಿಲಲ್ಲಿ ಸ್ಟೀಲಿನ ತಾಟು, ಮುಷ್ಟಿ ತುಂಬ ಗುಗ್ಗರಿಯ ಕಡಲೆ. ದಿಶಾಳನ್ನೂ ಕರೆದಿದ್ದರು. ಅವಳು ಇದನ್ನು ಯಾವತ್ತೂ ನೋಡಿರಲಿಲ್ಲ, ಕೊನೆಯ ಗಾಡಿ ತಪ್ಪಿದರೂ ಸರಿ ಎಂದು ಮೂಲೆಯಲ್ಲಿ ಕೂತುಬಿಟ್ಟಿದ್ದಳು. ಮಾರವಾಡಿ ನೆರೆಯವಳು, ಮರಾಠಿ ನೆರೆಯವಳು, ಎಲ್ಲರೂ ಬಂದಿದ್ದರು. ತಲೆಯೊಳಗೆ ಕಿವಿ ಇರುವ ಹುಡುಗಿಯನ್ನು ನೋಡಲು ಯಾರಿಗೆ ಆಸೆ ಇಲ್ಲ?

ಜೋಳಿಗೆಯನ್ನು ತೂಗಿದರು, ಹಾಡಿದರು. ಬಾಲಮ್ಮ ಮುಂದೆ ಬಂದಳು.

"ಈಗರ ಮೆಲ್ಲಕ ಒದರು ಯವ್ವಾ" ಎಂದಳು ಮರಗಮ್ಮ ತನ್ನ ಜಾಗದಿಂದ. "ಆಗ ಕಿವಿ ಹೋಯ್ತು, ಈಗ ಮಷೀನ್ ಹೋದೀತು."

ಅಷ್ಟು ಸಾಕಾಯಿತು. ಬಾಲಮ್ಮ ಅಲ್ಲೇ ನಿಂತುಬಿಟ್ಟಳು. ದಿಶಾ ನೂರು ಹೇಳಲಿ, ಒಳಗಿನ ಹೆದರಿಕೆ ಹೆದರಿಕೆಯೇ. "ನನ್ನ ಕೈಲಿ ಆಗಂಗಿಲ್ಲ ಅನಸವ್ವಾ" ಎಂದಳು, ಸೆರಗು ಬಾಯಿಯ ಹತ್ತಿರ ಹೋಯಿತು. "ಮತ್ತ ಏನರೆ ಆದ್ರ? ನಾ ತಾಳಂಗಿಲ್ಲ."

"ಏನೂ ಆಗೂದಿಲ್ಲ ಆಂಟಿ" ಎಂದು ದಿಶಾ ಎದ್ದು ನಿಂತಳು. "ಆವಾಜ್ ಜೋರಾದ್ರೆ ಮಷೀನೇ ಕಮ್ಮಿ ಮಾಡ್ಕೊಳ್ತದೆ."

ಅನಸೂಯಾ ಬಂದು ಬಾಲಮ್ಮನ ಬಾಯಿಯ ಮೇಲಿನ ಸೆರಗನ್ನು ಹಿಡಿದು ಜಗ್ಗಿ ಕೆಳಗಿಳಿಸಿದಳು. "ಮರಗವ್ವ, ನೀ ಸುಮ್ಮ ಕೂಡು. ಆಗ ನಿನ್ನ ಮಾತ ಕೇಳಿ ಕೆಟ್ಟೀನಿ." ಆಮೇಲೆ ಬಾಲಮ್ಮನ ಕಡೆ ತಿರುಗಿ, "ಕರಿ" ಎಂದಳು.

ಬಾಲಮ್ಮ ಜೋಳಿಗೆಯ ಹಿಂದಿನಿಂದ ಬಾಗಿ, ಅಭ್ಯಾಸದಂತೆ ಕೂಸಿನ ಕಿವಿಯ ತೂತಿಗೆ ಬಾಯಿ ಒಯ್ದಳು.

"ಅಲ್ಲಲ್ಲ ಆಂಟಿ, ಅಲ್ಲಿ ಕೇಳೂದಿಲ್ಲ!" ದಿಶಾ ಓಡಿ ಬಂದು, ಕಿವಿಯ ಮೇಲೆ ಕೂತ ಮಷೀನಿನ ನೆತ್ತಿಯನ್ನು ತೋರಿಸಿದಳು. ಸೂಜಿಯ ಮೊನೆಯಷ್ಟು ಎರಡು ತೂತು. "ಈಗ ಅವಳ ಕಿವಿ ಇಲ್ಲಿ. ಹತ್ರ ಬರೂದೂ ಬೇಡ. ಮೆಲ್ಲಗೆ ಹೇಳಿದ್ರೂ ಸಾಕು."

ಹೆಂಗಸರೆಲ್ಲ ಮುಂದೆ ಬಾಗಿ ನೋಡಿದರು. ದೇವರು ಕೊಟ್ಟ ಕಿವಿ ಬರೀ ಓಲೆ ಹಾಕಲಿಕ್ಕೆ, ಕೇಳುವುದು ಅದರ ಮೇಲಿನ ಈ ಎರಡು ತೂತು! ಮಾರವಾಡಿ ನೆರೆಯವಳು ಎರಡೂ ಕೈ ಜೋಡಿಸಿದಳು. ಬಾಲಮ್ಮ ಆ ತೂತುಗಳನ್ನೇ ನೋಡಿದಳು. ಇಷ್ಟು ಸಣ್ಣ ಬಾಗಿಲಲ್ಲಿ ಮಳೆ ಹೋಗಿದೆ, ರೊಟ್ಟಿಯ ಸಪ್ಪಳ ಹೋಗಿದೆ, ಲೋಕಲ್ ಗಾಡಿ ಹೋಗಿದೆ. ತನ್ನದೂ ಹೋದೀತು. ಹುಟ್ಟಿದಾಗಿನಿಂದ ಸಣ್ಣ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಹೆಂಗಸು, ಎಷ್ಟು ಸಣ್ಣಗೆ ಆಗುತ್ತದೋ ಅಷ್ಟು ಸಣ್ಣಗೆ, ಹೇಳಿದಳು.

"ಕುರ್ರ್... ಸಂಜನಾ."

ತಾಟಿನಲ್ಲಿ ಟಿಣ್ ಎಂದಿತು. ಕೂಸು ಒಂದು ಕಡಲೆಯನ್ನು ಮುಷ್ಟಿಯಿಂದ ಬಿಟ್ಟಿತ್ತು.

ಗುದ್ದಲು ಕೈ ಎತ್ತಿದ್ದ ಹೆಂಗಸರನ್ನು ಅನಸೂಯಾ ತಡೆದಳು. "ತಡೀರಿ" ಎಂದಳು. "ಅಕ್ಕಾ, ಇನ್ನೊಮ್ಮೆ. ಅಷ್ಟ ದೂರ ಹೋಗಿ."

ಬಾಲಮ್ಮ ಹೊಸ್ತಿಲ ತನಕ ಹಿಂದೆ ಸರಿದಳು. ಈ ಸಲ ಕುರ್ರ್ ಇಲ್ಲ, ಬರೀ ಹೆಸರು. "ಸಂಜನಾ."

ಟಿಣ್. ಆಮೇಲೆ ಎರಡು ಜಡೆಯ ಆ ತಲೆ ಮೆಲ್ಲಗೆ ಹೊರಳಿತು. ಅವ್ವನನ್ನು ದಾಟಿ, ದಿಶಾಳನ್ನು ದಾಟಿ, ಹೊಸ್ತಿಲ ತನಕ. ಹೆಸರು ಗುರುತು ಹಿಡಿದಳೋ, ಹೊಸ ದನಿ ಯಾರದೆಂದು ನೋಡಿದಳೋ, ದಿಶಾಳೂ ಹೇಳಲಾರಳು. ತುಟಿ ಬಿಗಿಹಿಡಿದೇ ಇರುತ್ತಿದ್ದ ಅತ್ತೆಯ ಬಾಯಿ ತೆರೆದಿತ್ತು. ಆ ಸಪ್ಪಳ ಬಂದದ್ದು ಅಲ್ಲಿಂದ! ಸಂಜನಾ ಬೆರಗಿನಿಂದ ನೋಡಿದಳು, ಕೈ ಚಾಚಿದಳು. ಬಾಲಮ್ಮ ಹೇಗೆ ನಡೆದು ಬಂದಳೋ ಅವಳಿಗೇ ಗೊತ್ತಿಲ್ಲ. ಜೋಳಿಗೆಗೆ ಬಾಗಿದಳು. ಕಡಲೆಯ ತೇವ ಹತ್ತಿದ ಪುಟ್ಟ ಬೆರಳುಗಳು ಅವಳ ತುಟಿ ಮುಟ್ಟಿದವು, ಇನ್ನೊಮ್ಮೆ ಎಂಬಂತೆ ತಟ್ಟಿದವು.

"ಸಂಜನಾ" ಎಂದಳು ಬಾಲಮ್ಮ ಆ ಬೆರಳುಗಳಿಗೆ. "ಸಂಜನಾ. ಸಂಜನಾ."

ಕಣ್ಣೊರೆಸಿಕೊಳ್ಳುವುದರಲ್ಲಿ ಹೆಂಗಸರೆಲ್ಲ ಗುದ್ದುವುದನ್ನೇ ಮರೆತಿದ್ದರು. ಆಗ ಬಾಲಮ್ಮನ ಬೆನ್ನಿನ ನಟ್ಟನಡುವೆ ದಬ್ಬೆಂದು ಒಂದು ಬಿತ್ತು. ಶಾಸ್ತ್ರದ ಗುದ್ದಲ್ಲ, ರೊಟ್ಟಿ ಬಡಿದು ಗಟ್ಟಿಯಾದ ಕೈ. ಹೆತ್ತವಳು ಗುದ್ದುವ ಪದ್ಧತಿ ಇಲ್ಲ. ಆದರೂ ಅದು ಯಾರ ಕೈ ಎಂದು ತಿರುಗಿ ನೋಡಬೇಕಾಗಿರಲಿಲ್ಲ, ಹಿಂದೆ ಅನಸೂಯಾ ಬಿಕ್ಕುವುದು ಕೇಳಿಸುತ್ತಿತ್ತು. ಬೆನ್ನು ಉರಿಯಿತು. ಬಾಲಮ್ಮ ಏಳಲಿಲ್ಲ, ಇನ್ನೊಂದು ಬೀಳಲಿ ಎಂದು ಹಾಗೇ ಬಾಗಿ ನಿಂತಿದ್ದಳು.